ಮೂರು ವರ್ಷದ ಮಗಳ ಜೊತೆ ಕನೂ ದೋಣಿ, ಎರಡು ರಾತ್ರಿ ಟೆಂಟ್: ಆಗುತ್ತಾ?

ಪ್ರಶ್ನೆ:
ನಾನು, ನನ್ನ ಗಂಡ ಇಬ್ಬರೂ ತುಂಬಾ ವರ್ಷ ಕನೂ ನಡೆಸಿದವರು. ಮಗಳು ಹುಟ್ಟಿದ ಮೇಲೆ ದೋಣಿ ಮುಟ್ಟಿಲ್ಲ. ಈಗ ಅವಳಿಗೆ ಮೂರು ವರ್ಷ, ಕರೆದುಕೊಂಡು ಹೋಗಿ ಸರೋವರದ ದಡದಲ್ಲಿ ಎರಡು ರಾತ್ರಿ ಉಳಿಯುವ ಆಸೆ. ಆದರೆ ಅವಳು ಐದು ನಿಮಿಷ ಒಂದೇ ಕಡೆ ಕೂರುವುದಿಲ್ಲ. ಸೀಟಿಗೆ ಬೆಲ್ಟ್ ಹಾಕಿ ಕೂರಿಸಬಹುದಾ?

ಉತ್ತರ 1:
ದಯವಿಟ್ಟು ಬೆಲ್ಟ್, ಹಗ್ಗ ಏನೂ ಕಟ್ಟಬೇಡಿ. ದೋಣಿ ಮಗುಚಿದರೆ ಮಗು ಅದರಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅವಳಿಗೆ ಬೇಕಾದದ್ದು ತೂಕಕ್ಕೆ ಸರಿಹೊಂದುವ ಲೈಫ್ ಜಾಕೆಟ್. ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜ್ ಜಾಸ್ತಿ ತರೋದು ಬಟ್ಟೆಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ತಲೆ ಹಿಂದೆ ಕಾಲರ್, ಎತ್ತಲು ಹಿಡಿ, ಕಾಲುಗಳ ನಡುವೆ ಬರುವ ಪಟ್ಟಿ, ಮೂರೂ ಇರಲಿ. ಬಕಲ್ ಎಲ್ಲ ಬಿಗಿದು ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆತ್ತಿ ನೋಡಿ, ಅದು ಗಲ್ಲ, ಕಿವಿವರೆಗೆ ಜಾರಿ ಬಂದರೆ ದೊಡ್ಡದಾಯಿತು ಅಂತ ಅರ್ಥ. ಹೊರಡುವ ಮೊದಲೇ ಆಳವಿಲ್ಲದ ನೀರಿನಲ್ಲಿ ಪಕ್ಕದಲ್ಲೇ ನಿಂತು ತೇಲಿಸಿ ರೂಢಿ ಮಾಡಿಸಿ.

ಕೂರಿಸೋದು ದೋಣಿಯ ನಡುವೆ, ತಳದಲ್ಲೇ, ಕೆಳಗೊಂದು ದಪ್ಪ ಫೋಮ್ ಹಾಕಿ. ಭಾರ ಕೆಳಗಿದ್ದಷ್ಟೂ ಓಲಾಟ ಕಡಿಮೆ.

ಉತ್ತರ 2:
ನಮ್ಮ ಮಗನೂ ಹಾಗೇ ಇದ್ದ. ಅವನಿಗೂ ಒಂದು ಪುಟ್ಟ ಹುಟ್ಟು ಕೊಟ್ಟೆವು, ಕೈಗೆ ಕೆಲಸ ಸಿಕ್ಕಿದ ಮೇಲೆ ಏಳೋದು ಕಡಿಮೆಯಾಯಿತು. ಆದರೂ ಮುಕ್ಕಾಲು ಗಂಟೆಗೊಮ್ಮೆ ದಡಕ್ಕೆ ಇಳಿಸುತ್ತಿದ್ದೆವು. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಸಾಮಾನ್ಯವಾಗಿ ಗಾಳಿ ಜಾಸ್ತಿಯಾಗುತ್ತದೆ. ಒಮ್ಮೆ ನಾವು ದೂರ ಕಡಿಮೆಯಾಗುತ್ತದೆ ಅಂತ ಸರೋವರದ ನಡುವೆ ಅಡ್ಡ ಹೋಗಿ, ಗಾಳಿಗೆ ಸಿಕ್ಕಿ, ಅವನು ಅಳುತ್ತಾ, ನಾವು ಉಸಿರು ಬಿಗಿಹಿಡಿದು ಹುಟ್ಟು ಹಾಕಿದ್ದು ಇನ್ನೂ ಮರೆತಿಲ್ಲ. ಅಂದಿನಿಂದ ದಡ ಬಿಟ್ಟು ದೂರ ಹೋಗಿಲ್ಲ.

ಇನ್ನೊಂದು ವಿಷಯ. ಹುಟ್ಟು ಹಾಕುತ್ತಾ ನಾವು ಬೆವರುತ್ತಿರುತ್ತೇವೆ, ಸುಮ್ನೆ ಕೂತ ಮಗುವಿಗೆ ಚಳಿ ಹಿಡಿದಿರುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಉಣ್ಣೆ ಅಥವಾ ಫ್ಲೀಸ್ (ಮೆತ್ತಗಿನ, ಬೆಚ್ಚಗಿನ ಸಿಂಥೆಟಿಕ್ ಬಟ್ಟೆ) ಹಾಕಿ. ಒಂದು ಜೊತೆ ಬಟ್ಟೆ ನೀರು ಹೋಗದ ಚೀಲದಲ್ಲಿರಲಿ.

ಪ್ರಶ್ನೆ ಕೇಳಿದವರು:
ಬೆಲ್ಟ್ ವಿಚಾರ ಕೈಬಿಟ್ಟೆ, ಥ್ಯಾಂಕ್ಸ್. ದಡಕ್ಕೆ ಬಂದ ಮೇಲೆ ಚಿಂತೆ ಇಲ್ಲ ಅಲ್ವಾ?

ಉತ್ತರ 1:
ದಡದಲ್ಲೇ ಜಾಸ್ತಿ ಎಚ್ಚರ ಬೇಕು. ನೀವಿಬ್ಬರೂ ದಣಿದಿರುತ್ತೀರಿ, ಟೆಂಟ್, ಒಲೆ ಅಂತ ಓಡಾಡುತ್ತಿರುತ್ತೀರಿ, ಅವಳು ನೀರಿನ ಕಡೆ ಹೋಗೋಕೆ ಒಂದು ನಿಮಿಷ ಸಾಕು. ನೀರಿನ ಹತ್ತಿರ ಇರುವಷ್ಟು ಹೊತ್ತೂ ಜಾಕೆಟ್ ಮೈಮೇಲಿರಲಿ. "ಈಗ ನಾನು ನೋಡಿಕೊಳ್ಳುತ್ತೇನೆ" ಅಂತ ಒಬ್ಬರು ಬಾಯಿಬಿಟ್ಟು ಹೇಳಿ, ಅವರಿಗೆ ಬೇರೆ ಕೆಲಸ ಬೇಡ. ಟೆಂಟ್ ನೀರಿನಿಂದ ದೂರ ಹಾಕಿ. ಮೊದಲ ಸಲ ಒಂದೇ ರಾತ್ರಿ ಸಾಕು ಅಂತ ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರು:
ಸರಿ, ಒಂದೇ ರಾತ್ರಿ. ಇವತ್ತೇ ಟೆಂಟ್ ಮನೆಯೊಳಗೆ ಹಾಕಿ ಅವಳನ್ನು ಮಲಗಿಸಿ ನೋಡುತ್ತೇವೆ.