‘ರಕ್ಷಣಾ ಸುಂಕ’ಕ್ಕೆ ಬೇರೆ ಪದ ಇದೆಯೇ?

ಗೆಳೆಯರೇ,

ಮಂಡ್ಯದ ಸಕ್ಕರೆ ಕಾರ್ಖಾನೆ ಹೇಗೆ ಶುರುವಾಯಿತು ಅಂತ ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ರಕ್ಷಣಾ ಸುಂಕ’ ಅನ್ನುವ ಕಡೆ, ಅಂದರೆ ಇಲ್ಲಿನ ಉದ್ಯಮವನ್ನು ಕಾಯಲು ಹೊರಗಿನ ಮಾಲಿನ ಮೇಲೆ ಹಾಕುವ ಸುಂಕದ ಹೆಸರಿನ ಕಡೆ, ಕೈ ನಿಂತಿದೆ. ಕರಡು ಓದಿದ ಅಕ್ಕನ ಮಗಳು, ಒಂಬತ್ತನೇ ಕ್ಲಾಸು, ‘ಇದು ಮಿಲಿಟರಿ ಖರ್ಚಿಗೆ ಹಾಕಿದ ತೆರಿಗೆನಾ ಮಾಮ?’ ಅಂದಳು. ಅವಳ ತಪ್ಪಲ್ಲ. ರಕ್ಷಣಾ ಸಚಿವ, ರಕ್ಷಣಾ ಇಲಾಖೆ ಅಂತ ದಿನಾ ಪೇಪರಿನಲ್ಲಿ ಓದುವವರಿಗೆ ಹಾಗೇ ಅನಿಸುತ್ತದೆ, ಅಲ್ವಾ?

ಸಂದರ್ಭ ಇದು. ಆಗ ಜಾವಾದಿಂದ ಅಗ್ಗದ ಸಕ್ಕರೆ ಹಡಗುಗಟ್ಟಲೆ ಬರುತ್ತಿತ್ತು. ಅದರ ಎದುರು ಇಲ್ಲಿನ ಕಾರ್ಖಾನೆ ನಿಲ್ಲುವುದು ಕಷ್ಟ, ಹಾಗಾಗಿ ದುಡ್ಡಿದ್ದವರೂ ಬಂಡವಾಳ ಹಾಕಲು ಹಿಂದೇಟು ಹೊಡೆಯುತ್ತಿದ್ದರು. 1932ರಲ್ಲಿ ಭಾರತ ಸರ್ಕಾರ ಕಾಯ್ದೆ ತಂದು ಹೊರಗಿನ ಸಕ್ಕರೆ ಮೇಲೆ ಭಾರಿ ಸುಂಕ ಹಾಕಿತು. ದೇಶದಲ್ಲಿ ಮೂವತ್ತರ ಆಸುಪಾಸು ಇದ್ದ ಕಾರ್ಖಾನೆಗಳು ನಾಲ್ಕೈದೇ ವರ್ಷದಲ್ಲಿ ನೂರು ದಾಟಿದವು. ಮಂಡ್ಯಕ್ಕೆ ಕನ್ನಂಬಾಡಿ ನೀರು ಇರ್ವಿನ್ ನಾಲೆಯಲ್ಲಿ ಹರಿದು ಬಂತು, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಪಟ್ಟು ಹಿಡಿದು ದುಡಿದರು, ಮೈಸೂರು ಸರ್ಕಾರ ತಾನೇ ಷೇರು ಕೊಂಡಿತು, 1933ರಲ್ಲಿ ಕಂಪನಿ ಎದ್ದಿತು.

ಈಗ ಪದಕ್ಕೆ ಬರುತ್ತೇನೆ. ನಮ್ಮ ಮಾತಿನಲ್ಲಿ ಸುಂಕ ಅಂದರೆ ವಸೂಲಿ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನುತ್ತೇವೆ. ಶಾಸನಗಳಲ್ಲಿ ಬರುವ ‘ಹೆಜ್ಜುಂಕ’ವೂ ವಸೂಲಿಯದೇ. ಕಾಯುವುದಕ್ಕೆಂದೇ ಹಾಕುವ ಸುಂಕ ನಮ್ಮ ಗಾದೆಗಳಲ್ಲಿ ಇಲ್ಲ. ಹಾಗಾಗಿ ಪೂರ್ತಿ ಭಾರ ಮುಂದಿನ ಪದದ ಮೇಲೇ ಬೀಳುತ್ತದೆ.

‘ಸಂರಕ್ಷಣಾ ಸುಂಕ’ ಅಂದರೆ ಕಾಡು, ಹುಲಿ ನೆನಪಾಗುತ್ತವೆ. ‘ಕಾಪು ಸುಂಕ’ ಚಿಕ್ಕದು, ‘ಕಾಪಾಡು’ ಅನ್ನುವುದರ ಜೊತೆ ಹೊಂದುತ್ತದೆ, ಆದರೆ ಉಡುಪಿ ಕಡೆಯವರಿಗೆ ಮೊದಲು ಊರೇ ಕಣ್ಮುಂದೆ ಬರುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ‘ಬೇಲಿ ಸುಂಕ’. ಎಳೆ ಸಸಿಗೆ ಸುತ್ತ ಮುಳ್ಳು ಕಟ್ಟುತ್ತೇವೆ, ಗಿಡ ಎದೆಯುದ್ದ ಬೆಳೆದ ಮೇಲೆ ಕಿತ್ತು ಹಾಕುತ್ತೇವೆ. ಸುಂಕದ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಸುಂಕ ಮಂಡಳಿ ಸಕ್ಕರೆಗೆ ಕೇಳಿದ್ದೂ 15 ವರ್ಷದ ಆಸರೆಯನ್ನೇ, ಶಾಶ್ವತವಾಗಿ ಅಲ್ಲ. ಆದರೆ ಒಂದು ತೊಡಕು: ‘ಸಂತೆ ಸುಂಕ’ ಅಂದರೆ ಸಂತೆಯ ಮೇಲಿನ ಸುಂಕ ತಾನೇ, ಹಾಗೇ ಬೇಲಿ ಮೇಲಿನ ಸುಂಕ ಅಂತ ಯಾರಾದರೂ ಓದಿಬಿಟ್ಟರೆ? ‘ಬೇಲಿಸುಂಕ’ ಅಂತ ಕೂಡಿಸಿ ಬರೆದರೆ ಆ ಗೊಂದಲ ಹೋಗುತ್ತದೆಯೇ?

ಮಂಡ್ಯ, ಭದ್ರಾವತಿ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನಿಮ್ಮ ಮನೆಯ ಹಿರಿಯರು ಇದಕ್ಕೆ ಏನನ್ನುತ್ತಿದ್ದರು?