ಪೊಲೊ ಕಾರಿನ ಎತ್ತರ 40 ಮಿಮೀ ಇಳಿಸಬೇಕು: ಸ್ಪ್ರಿಂಗ್ ಕತ್ತರಿಸೋದಾ, ಬದಲಾಯಿಸೋದಾ? ಮಾಡಿಸಿದವರು ಹೇಳಿ

ಕೇಳಿದವರು, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನದು 2015ರ ಫೋಕ್ಸ್‌ವ್ಯಾಗನ್ ಪೊಲೊ, ಡೀಸೆಲ್. ಟೈರಿಗೂ ಫೆಂಡರ್‌ಗೂ ಮಧ್ಯೆ ಕೈ ತೂರುವಷ್ಟು ಜಾಗ ಇದೆ, ನೋಡೋಕೆ ಏನೂ ಚೆನ್ನಾಗಿಲ್ಲ. 40 ಮಿಮೀ ಇಳಿಸೋಣ ಅಂತ ಆಸೆ. ಪರಿಚಯದ ಗ್ಯಾರೇಜಿನವರು ಇರುವ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿ ಕೊಡ್ತೀನಿ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಿ ಅಂತಾರೆ. ಗಾಡಿ ಇಳಿಸೋಕೆಂದೇ ಬರುವ ಲೋಯರಿಂಗ್ ಸ್ಪ್ರಿಂಗ್ ತರಿಸೋದಾ, ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೆಟ್) ಹಾಕಿಸೋದಾ, ಒಂದೂ ತೋಚುತ್ತಿಲ್ಲ. ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಆಗಾಗ ಸಕಲೇಶಪುರದ ಕಡೆ ಹೋಗೋದಿದೆ.

ಮಂಗಳೂರಿನ ಗ್ಯಾರೇಜಿನಿಂದ

ನಾನು ಸಸ್ಪೆನ್ಶನ್ ಕೆಲಸವನ್ನೇ ಮಾಡುವವನು, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಕತ್ತರಿಸಬೇಡಿ. ಸುತ್ತು ಕಮ್ಮಿಯಾದರೆ ಸ್ಪ್ರಿಂಗ್ ಗಿಡ್ಡ ಆಗುತ್ತದೆ, ಜೊತೆಗೆ ಗಟ್ಟಿಯೂ ಆಗುತ್ತದೆ. ಕೆಲಸ ಮಾಡುವ ಸುತ್ತು ಆರಿದ್ದು ಅದರಲ್ಲಿ ಒಂದು ತೆಗೆದರೆ ಗಟ್ಟಿತನ ಶೇಕಡಾ 20 ಏರುತ್ತದೆ. ಇಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ತೊಂದರೆ ಕಾಣೋದು ಗಾಡಿಗೆ ಜಾಕ್ ಕೊಟ್ಟಾಗ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಸ್ಪ್ರಿಂಗ್ ಎರಡೂ ಕಡೆ ಸೀಟಿಗೆ, ಅಂದರೆ ಅದು ಕೂರುವ ಬಟ್ಟಲಿಗೆ, ಒತ್ತಿಕೊಂಡೇ ಇರಬೇಕು. ಒಂದೂವರೆ ಸುತ್ತು ಕತ್ತರಿಸಿದ್ದು ಹಾಗೆ ಒತ್ತಿಕೊಂಡಿರುವುದು ಕಷ್ಟ. ನಿಮ್ಮ ಪೊಲೊಗೆ ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಜೋಡಿಸುವ ಅಡ್ಡ ತೊಲೆ), ಸ್ಪ್ರಿಂಗ್ ಬೇರೆ ಶಾಕ್ ಬೇರೆ ಕೂತಿರುತ್ತವೆ. ಘಾಟಿಯಲ್ಲಿ ಹಿಂದಿನ ಚಕ್ರ ದೊಡ್ಡ ಗುಂಡಿಗೆ ಇಳಿದು ಜೋತುಬಿದ್ದರೆ ಸಡಿಲ ಸ್ಪ್ರಿಂಗ್ ಜಾರುತ್ತದೆ, ಮತ್ತೆ ಭಾರ ಬಿದ್ದಾಗ ಎಲ್ಲೋ ಓರೆಯಾಗಿ ಕೂರುತ್ತದೆ. ಅಂಥ ಗಾಡಿ ನಮ್ಮಲ್ಲಿಗೆ ಬರುವುದೇ 'ಹಿಂದೆ ಟಕ್ ಟಕ್ ಅಂತಿದೆ ನೋಡಿ' ಅನ್ನುವ ಕಂಪ್ಲೇಂಟ್‌ನಲ್ಲಿ.

ಇನ್ನು ಕೆಲವರು ಕತ್ತರಿಸೋದೂ ಇಲ್ಲ, ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಗಾಡಿಯ ಭಾರಕ್ಕೇ ಕುಗ್ಗಿಸುತ್ತಾರೆ. ಅದಂತೂ ಇನ್ನೂ ಕೆಟ್ಟದ್ದು. ಸ್ಪ್ರಿಂಗ್ ಉಕ್ಕನ್ನು ಕಂಪನಿಯಲ್ಲಿ ಹದ ಮಾಡಿರುತ್ತಾರೆ, ಕೆಂಪಗೆ ಕಾದರೆ ಆ ಹದ ಹೋಯಿತು. ಒಂದು ಪಕ್ಕ ಜಾಸ್ತಿ ಕುಸಿಯುತ್ತದೆ, ಇಲ್ಲವೇ ಒಂದು ದಿನ ಮುರಿಯುತ್ತದೆ.

ಯಾರಾದರೂ ಈಗಾಗಲೇ ಕತ್ತರಿಸಿಕೊಂಡಿದ್ದರೆ ಜಾಕ್ ಎತ್ತಿಸಿ, ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಆ ಗಾಡಿ ರಸ್ತೆಗೆ ಬೇಡ.

ಬೆಂಗಳೂರು, ಪೊಲೊ ಇಟ್ಟುಕೊಂಡವರು

ನನ್ನದೂ ಪೊಲೊನೇ, 30 ಮಿಮೀ ಇಳಿಸುವ ಸ್ಪ್ರಿಂಗ್, ಜೊತೆಗೆ ಅದಕ್ಕೆ ಹೊಂದುವ ಗಿಡ್ಡ ಶಾಕ್ ಒಟ್ಟಿಗೇ ಹಾಕಿಸಿದ್ದು. ನೀವು ಬರೀ ಸ್ಪ್ರಿಂಗ್ ಬಗ್ಗೆ ಕೇಳುತ್ತಿದ್ದೀರಿ, ಆದರೆ ನಿಜವಾದ ಪ್ರಶ್ನೆ ಚಕ್ರಕ್ಕೆ ಮೇಲೆ ಬರೋಕೆ ಎಷ್ಟು ಜಾಗ ಉಳಿಯುತ್ತದೆ ಅನ್ನೋದು. ಗಾಡಿ ಸುಮ್ನೆ ನಿಂತಾಗ ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೆ ಬಂದಾಗ ತಡೆಯುವ ರಬ್ಬರ್ ತುಂಡು) ಮುಟ್ಟೋಕೆ 60 ಮಿಮೀ ಇದೆ ಅಂತಿಟ್ಟುಕೊಳ್ಳಿ. 40 ಇಳಿಸಿದರೆ ಉಳಿಯೋದು 20. ಅದರ ಮೇಲೆ ಅಪ್ಪ ಅಮ್ಮ, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ. ಆಮೇಲೆ ನಿಮ್ಮ ಗಾಡಿ ಓಡೋದು ಸ್ಪ್ರಿಂಗ್ ಮೇಲೆ ಅಲ್ಲ, ರಬ್ಬರ್ ತುಂಡಿನ ಮೇಲೆ.

ಇದನ್ನು ಊಹೆ ಮಾಡಬೇಕಾಗಿಲ್ಲ, ಅಳೆಯಬಹುದು. ಮುಂದಿನ ಶಾಕ್‌ನ ಧೂಳಿನ ಕವರ್ ಮೇಲಕ್ಕೆ ಸರಿಸಿ, ಹೊಳೆಯುವ ರಾಡ್‌ಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಬಿಗಿದು ಕೆಳಗೆ ಶಾಕ್ ಬಾಡಿಗೆ ತಾಗಿಸಿಡಿ. ಎಲ್ಲರನ್ನೂ ಕೂರಿಸಿಕೊಂಡು ನೀವು ದಿನಾ ಹೋಗುವ ರಸ್ತೆಯಲ್ಲಿ ಹೋಗಿ ಬನ್ನಿ. ಶಾಕ್ ಕುಗ್ಗಿದಷ್ಟೂ ಟೈ ಮೇಲೆ ಸರಿದು ಅಲ್ಲೇ ನಿಂತಿರುತ್ತದೆ. ಟೈನಿಂದ ಬಂಪ್ ಸ್ಟಾಪ್‌ವರೆಗೆ ಎಷ್ಟು ಉಳಿದಿದೆಯೋ ಅಷ್ಟೇ ನಿಮ್ಮ ಆಸ್ತಿ. ಇದನ್ನು ಸ್ಪ್ರಿಂಗ್ ಆರ್ಡರ್ ಮಾಡೋಕೆ ಮುಂಚೆ ಮಾಡಿ, ಆಮೇಲಲ್ಲ.

ಇನ್ನೊಂದು, ಡೀಸೆಲ್ ಇಂಜಿನ್ ಭಾರ ಜಾಸ್ತಿ. ಪೆಟ್ರೋಲ್ ಗಾಡಿಗೆ ಅಂತ ಇರುವ ಮುಂದಿನ ಸ್ಪ್ರಿಂಗ್ ತಂದರೆ ಮೂಗು ಇನ್ನಷ್ಟು ಕೆಳಗೆ ಹೋಗುತ್ತದೆ. ಕಂಪನಿ ಸ್ಪ್ರಿಂಗ್ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ ನೋಡಿ, ಅದು ಇದೇ ಭಾರದ ಲೆಕ್ಕಕ್ಕೆ. ಸೆಟ್ ತರಿಸುವಾಗ ಮುಂದಿನ ಆಕ್ಸಲ್‌ಗೆ ಎಷ್ಟು ಕೆಜಿವರೆಗೆ ಅಂತ ಕೇಳಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ ನೋಡಿ.

ಹಂಪ್ ವಿಷಯಕ್ಕೆ ಬಂದರೆ, ಸರ್ಕಾರಿ ಅಳತೆಯ ಹಂಪ್ ನಮಗೆ ಶತ್ರು ಅಲ್ಲವೇ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಮೀ ಎತ್ತರ. ಪೊಲೊದ ಎರಡು ಆಕ್ಸಲ್ ನಡುವಿನ ಅಂತರ ಎರಡೂವರೆ ಮೀಟರ್‌ಗೂ ಒಂಚೂರು ಕಮ್ಮಿ, ಅಂದರೆ ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತವೆ, ಹೊಟ್ಟೆಯ ಕೆಳಗೆ ಕಮ್ಮಿಯಾಗುವ ಜಾಗ ಸುಮಾರು 4.5 ಸೆಂಮೀ ಅಷ್ಟೇ. ತಳ ಹೊಡೆಯೋದು ಊರಿನವರೇ ರಾತ್ರೋರಾತ್ರಿ ಜಲ್ಲಿ ಸಿಮೆಂಟ್ ಸುರಿದು ಮಾಡಿದ ದಿಣ್ಣೆಗಳಿಗೆ. ಅಂಥಲ್ಲಿ ನಾನು ಓರೆಯಾಗಿ ಒಂದೊಂದೇ ಚಕ್ರ ಹತ್ತಿಸುತ್ತೇನೆ, ಹಿಂದಿನವರು ಹಾರ್ನ್ ಹೊಡೀತಾರೆ, ಹೊಡೀಲಿ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ಮುಗಿಯುವ ಜಾಗದಲ್ಲಿ ಬಂಪರ್ ಕೆಳತುಟಿ ಈಗಲೂ ಕರ್ ಅನ್ನುತ್ತದೆ.

ಹುಬ್ಬಳ್ಳಿ

ಮೇಲಿನವರು ಹೇಳಿದ್ದಕ್ಕೆ ನಂದೊಂದು ಆಕ್ಷೇಪ. ಅಷ್ಟೆಲ್ಲ ಭಯ ಬೀಳುವಂಥದ್ದೇನಿಲ್ಲ ಗುರು. ನಮ್ಮ ಕಡೆ ಹಳೇ ಝೆನ್, ಎಸ್ಟೀಮ್ ಎಷ್ಟು ಜನ ಕತ್ತರಿಸಿಕೊಂಡು ಓಡಿಸಿಲ್ಲ? ನೋಡೋಕೆ ಮಾತ್ರ ಇಟ್ಟ ಗಾಡಿ, ಭಾನುವಾರ ಒಂದು ರೌಂಡ್ ಹೋಗಿ ಬರೋದು ಅಂದ್ರೆ ಅರ್ಧ ಸುತ್ತು ಕತ್ತರಿಸಿದ್ರೆ ಆಕಾಶ ಏನೂ ಬೀಳಲ್ಲ. ಗ್ರೈಂಡರ್‌ನಲ್ಲಿ ನೀರು ಹಾಕ್ತಾ ತಣ್ಣಗೆ ಕತ್ತರಿಸಬೇಕು, ಅಷ್ಟೇ. ಆದ್ರೆ ಇವರು ತಂದೆ ತಾಯಿನ ಕೂರಿಸಿಕೊಂಡು ಘಾಟಿಗೆ ಹೋಗೋರು. ಇವರಿಗೆ ಬೇಡ ಅನ್ನೋದು ನನಗೂ ಒಪ್ಪಿಗೆ.

ಮಂಗಳೂರಿನ ಗ್ಯಾರೇಜಿನಿಂದ

ಅರ್ಧ ಸುತ್ತಿಗೂ ಒಂದೂವರೆ ಸುತ್ತಿಗೂ ಅಜಗಜಾಂತರ ಅಣ್ಣ. ಅದೂ ಅಲ್ಲದೆ ತುದಿ ಸಣ್ಣಗೆ ಸುರುಳಿ ಸುತ್ತಿದ ಸ್ಪ್ರಿಂಗ್ ಆದರೆ ಆ ತುದಿ ಕತ್ತರಿಸಿದ ಮೇಲೆ ಸೀಟಿಗೆ ಕೂರೋದೇ ಇಲ್ಲ.

ಜರ್ಮನಿಯಿಂದ, ಮೂಲ ಶಿವಮೊಗ್ಗ

ಪೊಲೊ ಹುಟ್ಟಿದ ದೇಶದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಹೇಳ್ತೀನಿ, ಉಪಯೋಗ ಆಗಬಹುದು. ಇಲ್ಲಿ ಗಾಡಿ ಇಳಿಸೋದು ಕಾನೂನಿಗೆ ವಿರುದ್ಧ ಅಲ್ಲ, ಆದರೆ ಸ್ಪ್ರಿಂಗ್ ಜೊತೆ ಪರೀಕ್ಷಾ ಪತ್ರ ಬಂದಿರಬೇಕು. ಯಾವ ಮಾಡೆಲ್, ಯಾವ ಆಕ್ಸಲ್‌ಗೆ ಎಷ್ಟು ಭಾರ, ಯಾವ ಟೈರ್ ಸೈಜ್, ಎಲ್ಲ ಅದರಲ್ಲಿ ಬರೆದಿರುತ್ತದೆ. ಹಾಕಿಸಿದ ಮೇಲೆ ಟ್ಯೂಫ್‌ನಂಥ ತಪಾಸಣಾ ಸಂಸ್ಥೆಗೆ ಒಯ್ದು ತೋರಿಸಬೇಕು. ಅವರೂ ಗಾಡಿ ಎತ್ತಿ ಸ್ಪ್ರಿಂಗ್ ಸಡಿಲ ಇದೆಯಾ, ಟೈರ್ ಎಲ್ಲಾದರೂ ಉಜ್ಜುತ್ತದಾ ಅಂತಲೇ ನೋಡೋದು. ಸ್ಪ್ರಿಂಗ್ ಮಾಡುವ ಐಬಾಕ್, ಎಚ್ ಅಂಡ್ ಆರ್ ಕಂಪನಿ ಎರಡೂ ಇಲ್ಲಿಯವೇ, ಅವುಗಳ ಊರು ಫಿನ್ನೆನ್‌ಟ್ರಾಪ್, ಲೆನ್ನೆಸ್ಟಾಟ್ ಅಕ್ಕಪಕ್ಕದಲ್ಲೇ ಇವೆ!

ಒಂದು ಎಚ್ಚರ. ಈ ಸೆಟ್‌ಗಳ 30 ಮಿಮೀ ಅನ್ನೋದು ಇಲ್ಲಿಯ ಗಾಡಿಯ ಎತ್ತರದಿಂದ ಎಣಿಸಿದ್ದು. ಭಾರತದ ಪೊಲೊ ಮೊದಲೇ ಎತ್ತರಕ್ಕಿದೆ. ಅದೇ ಸ್ಪ್ರಿಂಗ್ ಅಲ್ಲಿ ಹಾಕಿದರೆ ಪೆಟ್ಟಿಗೆ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಇಳಿಯಬಹುದು.

ತುಮಕೂರು, ಇನ್ಶೂರೆನ್ಸ್ ಕೆಲಸದವರು

ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಆರ್‌ಸಿಯಲ್ಲಿ ಸ್ಪ್ರಿಂಗ್ ಉದ್ದದ ಕಾಲಂ ಎಲ್ಲಿದೆ ಅಂತ ವಾದ ಮಾಡುವವರಿದ್ದಾರೆ. ಆ ವಾದವನ್ನು ರಸ್ತೆ ಬದಿಯಲ್ಲಿ ನಿಂತು ಮಾಡೋಕೆ ನಿಮಗೆ ತಾಳ್ಮೆ ಇದೆಯಾ ಅಂತ ಯೋಚಿಸಿ. ಇನ್ಶೂರೆನ್ಸ್ ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಿ. ಅಪಘಾತ ಆದ ಮೇಲೆ ಸರ್ವೇಯರ್ ಬಂದು ಕತ್ತರಿಸಿದ ಸ್ಪ್ರಿಂಗ್ ನೋಡಿದರೆ ಕ್ಲೇಮ್ ಎಲ್ಲಿ ಹೋಗಿ ನಿಲ್ಲುತ್ತದೋ ಹೇಳೋಕಾಗಲ್ಲ.

ಕೇಳಿದವರು, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಕತ್ತರಿಸೋದು ಕೈಬಿಟ್ಟೆ. ಪ್ಲಾಸ್ಟಿಕ್ ಟೈ ಕಟ್ಟಿ ನೋಡ್ತೀನಿ, ಜಾಗ ಇದ್ರೆ 25ರಿಂದ 30ರ ಒಳಗೆ. ಆದ್ರೆ ಕಾಯಿಲೋವರ್ ಆದ್ರೆ ಬೇಕಾದಾಗ ಏರಿಸಬಹುದು ಇಳಿಸಬಹುದು ಅಲ್ವಾ? ಇಳಿಸಿದಷ್ಟೂ ತಿರುವಿನಲ್ಲಿ ಗಾಡಿ ಕಮ್ಮಿ ವಾಲುತ್ತೆ ಅಂತಾನೂ ಕೇಳಿದ್ದೆ.

ಕೊಯಮತ್ತೂರಿನಿಂದ, ಟ್ರ್ಯಾಕ್‌ನಲ್ಲಿ ಓಡಿಸುವವರು

ಹೌದು ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಪೊಲೊ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ. ಗಾಡಿ ಇಳಿದಂತೆ, ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು, ಅಂದರೆ ಲೋಯರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ಹೋಗುತ್ತದೆ. ಆರ್ಮ್ ಹಾಗೆ ಮೇಲ್ಮುಖ ಆದಾಗ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಬಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಇಳಿದುಬಿಡುತ್ತದೆ. ಭಾರ ಕೆಳಗೆ ಬಂದ ಲಾಭವನ್ನು ಅದು ತಿಂದುಹಾಕುತ್ತದೆ. ಕಮ್ಮಿ ವಾಲುತ್ತದೆ ಅಂತ ನಮಗೆ ಅನ್ನಿಸೋದು ಬಹುಪಾಲು ಸ್ಪ್ರಿಂಗ್ ಗಟ್ಟಿಯಾಗಿದ್ದರಿಂದ. ಇಲ್ಲಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ನಲ್ಲಿ ನೆಲಕ್ಕೆ ಅಂಟಿದ ಗಾಡಿಗಳಿಗಿಂತ ಸ್ವಲ್ಪ ಎತ್ತರದ, ಒಳ್ಳೇ ಶಾಕ್ ಇರುವ ಗಾಡಿಗಳೇ ತಿರುವಿನಲ್ಲಿ ನೆಮ್ಮದಿಯಾಗಿ ಹೋಗೋದನ್ನು ನೋಡಿದ್ದೇನೆ.

ಕಾಯಿಲೋವರ್ ಏರಿಸಿ ಇಳಿಸಬಹುದು ನಿಜ, ಆದರೆ ಪ್ರತಿ ಸಲ ಎತ್ತರ ಬದಲಾದಾಗ ಅಲೈನ್‌ಮೆಂಟೂ ಬದಲಾಗುತ್ತದೆ. ಘಾಟಿಗೆ ಹೋಗೋಕೆ ಮುಂಚೆ ಏರಿಸಿ, ಬಂದು ಇಳಿಸುವವರನ್ನು ನಾನಂತೂ ಕಂಡಿಲ್ಲ. ನಮ್ಮ ಮಳೆಗಾಲದ ಕೆಸರಿನಲ್ಲಿ ಎತ್ತರ ಹೊಂದಿಸುವ ಸ್ಕ್ರೂ ಮರೆಗಳಿಗೆ ತುಕ್ಕು ಹಿಡಿದರೆ ತಿರುಗಿಸೋಕೆ ಬರೋದೂ ಇಲ್ಲ. ನಿಮ್ಮ ಬಳಕೆಗೆ ಸ್ಪ್ರಿಂಗ್, ಶಾಕ್ ಸಾಕು.

ಮಂಗಳೂರಿನ ಗ್ಯಾರೇಜಿನಿಂದ

ಕೆಲಸಕ್ಕೆ ಬಿಡುವ ಮುಂಚೆ ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿಯಿಂದ ಲೆಕ್ಕ ತಪ್ಪುತ್ತದೆ. ಮುಂದಿನ ಸ್ಟ್ರಟ್ ಬಿಚ್ಚಿದಾಗ ಮೇಲಿನ ಮೌಂಟ್, ಬೇರಿಂಗ್ ಹೊಸದು ಹಾಕಿಸಿ, 2015ರ ಗಾಡಿಗೆ ಅದು ಹೇಗಿದ್ದರೂ ಸವೆದಿರುತ್ತದೆ. ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಹಗ್ಗ, ತಂತಿ ಕಟ್ಟಿ ಬಿಚ್ಚುವ ಜಾಗದಲ್ಲಿ ಗಾಡಿ ಬಿಡಬೇಡಿ, ಚಿಮ್ಮಿದರೆ ಕೈ ಹೋಗುತ್ತದೆ. ಹೊಸ ಸ್ಪ್ರಿಂಗ್ ಕೆಲವು ಮಿಮೀ ಕೂರುತ್ತದೆ, ಹಾಗಾಗಿ ಹಾಕಿದ ದಿನ ಒಮ್ಮೆ ಅಲೈನ್‌ಮೆಂಟ್, ಕೆಲವು ನೂರು ಕಿಮೀ ಓಡಿದ ಮೇಲೆ ಇನ್ನೊಮ್ಮೆ. ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಯಿಲ್ಲದಿದ್ದರೆ ಟೈರ್ ಒಳಅಂಚು ಬೇಗ ಬೋಳಾಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೂ ಆಗಲ್ಲ. ಹೆಡ್‌ಲೈಟ್ ಮಟ್ಟವನ್ನೂ ಸರಿ ಮಾಡಿಸಿ. ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್ ಸಡಿಲ ಮಾಡಿದ್ದರೆ ಚಕ್ರ ಜೋತುಬಿದ್ದಾಗ ಬಿಗಿ ಮಾಡಬಾರದು, ಗಾಡಿ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಮಾಡಬೇಕು. ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ನಿಂತು ನೋಡಿ ಮಾಡಿಸಿ, ಹೇಳದಿದ್ದರೆ ಯಾರೂ ಮಾಡಲ್ಲ.