ಪುಟ್ಟಿ, ಆ ಪಟಕ್ಕೆ ಮೆಷಿನ್ ಮುಟ್ಟಿಸಬೇಡ

ಪುಟ್ಟಿ, ನಮ್ಮ ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ನಿನ್ನ ಮದುವೆಗೆ ನಿನ್ನ ದೊಡ್ಡಪ್ಪ, ಅಂದರೆ ನಮ್ಮವರು, ಬೀಟೆ ಮರದ ಹಲಗೆಗೆ ಬೇರೆ ಬೇರೆ ಮರದ ಚಕ್ಕೆ ಕೂರಿಸಿ ಮಾಡಿಕೊಟ್ಟ ಅಂಬಾರಿ ಇನ್‌ಲೇ ಪಟಕ್ಕೆ ಬಿಳಿ ಪೊರೆ ಬಂದಿದೆ, ಆನೆ ಕಾಲಿನ ಹತ್ತಿರ ಒಂದು ಚಕ್ಕೆ ಎದ್ದಿದೆ, ಪಾಲಿಶ್‌ನವನು ಉಜ್ಜುವ ಮೆಷಿನ್ ಹೊಡೆದು ಹೊಸದರ ಹಾಗೆ ಮಾಡಿಕೊಡ್ತೀನಿ ಅಂತಾನೆ, ಅವರ ವರ್ಷದ ತಿಥಿ ಹೊತ್ತಿಗೆ ಸರಿಯಾಗಬೇಕು, ಕೊಡಲಾ ಅಂತ ಕೇಳಿದ್ದೀಯ. ಕೊಡಬೇಡ. ಮೆಷಿನ್ ಹಿಡಿದುಕೊಂಡು ಬಂದವನನ್ನು ಬಾಗಿಲಿಂದಲೇ ಕಳಿಸು.

ಯಾಕೆ ಅಂತ ಹೇಳ್ತೀನಿ ಕೇಳು. ಕುವೆಂಪುನಗರದ ನಾದಿನಿ ಮನೆ ಹಾಲ್‌ನಲ್ಲಿ ಸರಸ್ವತಿ ಇದ್ದಳಲ್ಲ, ಎಲ್ಲರೂ ನೋಡಿದ್ದೀರಿ. ಅವರ ಗೃಹಪ್ರವೇಶಕ್ಕೆ ಅಂತ ನಮ್ಮವರು ಒಂದು ಮಳೆಗಾಲ ಪೂರ್ತಿ ಕೂತು ಮಾಡಿದ್ದು. ತಳಕ್ಕೆ ಬೀಟೆ. ವೀಣೆಗೆ ಹಲಸು. ನಿಜವಾದ ವೀಣೆಯೂ ಹಲಸಿನ ಮರದ್ದೇ, ನಾನೇನು ಸುಳ್ಳು ಹೇಳಿಲ್ಲ ಅಂತ ನಗುತ್ತಿದ್ದರು. ಬಣ್ಣ ಬಳಿದದ್ದು ಒಂದೂ ಇಲ್ಲ, ಎಲ್ಲ ಮರದ್ದೇ ಬಣ್ಣ. ಮುಖಕ್ಕೆ ಬೆಳ್ಳಗಿರುವ ಮರ ಹುಡುಕಿ, ಹಪ್ಪಳದಷ್ಟು ತೆಳ್ಳಗೆ ಕೊಯ್ದು ಕೂರಿಸಿದ್ದರು. ಕಣ್ಣು, ಹುಬ್ಬು, ಬೆರಳ ಸಂದಿ ಎಲ್ಲ ಚೂಪು ಮೊನೆಯಲ್ಲಿ ಗೀರಿ, ಗೀರಿದ ಕಡೆ ಕಪ್ಪು ತುಂಬಿದ್ದು. ಕಣ್ಣು ಗೀರುವ ದಿನ ನಾನು ಮಿಕ್ಸಿ ಹಾಕುವ ಹಾಗಿರಲಿಲ್ಲ. ಅವತ್ತು ಚಟ್ನಿ ಒರಳಲ್ಲೇ.

ಆಮೇಲೆ ಎಷ್ಟೋ ವರ್ಷಕ್ಕೆ ಆ ಮನೆಗೆ ಹೊಸ ಬಣ್ಣ ಹೊಡೆಸಿದರು. ಬಣ್ಣದವನು ಬಾಗಿಲು ಉಜ್ಜುತ್ತಾ ಇದನ್ನೂ ಇಳಿಸಿ ಮೆಷಿನ್ ಹೊಡೆದು, ಮೇಲೆ ವಾರ್ನಿಶ್ ಬಳಿದಿದ್ದಾನೆ. ಹಬ್ಬಕ್ಕೆ ನಾವು ಹೋದರೆ ಸರಸ್ವತಿ ಥಳಥಳ ಅಂತಿದ್ದಾಳೆ, ಕಣ್ಣೇ ಇಲ್ಲ! ಹುಬ್ಬು ಅರ್ಧ ಉಳಿದಿದೆ. ನಮ್ಮವರು ಹತ್ತಿರ ಹೋಗಿ ಮುಖದ ಮೇಲೆ ಒಂದು ಸಲ ಬೆರಳಾಡಿಸಿದರು. ತಂಗಿ ಕಡೆ ತಿರುಗಿ "ಕಾಫಿ ಕೊಡಮ್ಮ" ಅಂದರು, ಅಷ್ಟೇ. ಅವರು ಬೈದಿದ್ದರೆ ವಾಸಿ ಇತ್ತು. ಪುನಃ ಗೀರಿಕೊಡು ಅಣ್ಣ ಅಂತ ಆಕೆ ಎಷ್ಟು ಕೇಳಿಕೊಂಡಳು. ಸವೆದ ಚಕ್ಕೆ ಮೇಲೆ ಗೀರು ನಿಲ್ಲಲ್ಲ, ಮುಖ ಕೀಳೋಕೆ ಹೋದರೆ ಪಕ್ಕದ ಚಕ್ಕೆಗಳೂ ಬರುತ್ತವೆ ಅಂದುಬಿಟ್ಟರು. ಅದು ಈಗಲೂ ಹಾಗೇ ಇದೆ, ಒಳಗಿನ ರೂಮಲ್ಲಿ.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಮೆಷಿನ್ ಬೇಡ. ಸಣ್ಣದು, ಮೆತ್ತಗೆ ಹೊಡೀತೀನಿ ಅಂದರೂ ಬೇಡ. ನಿನ್ನ ಪಟದಲ್ಲಿ ಆನೆ ಕಾಲು ನೋಡು, ಉಗುರುಗಳನ್ನೂ ಬಿಡದೆ ಗೀರಿದ್ದಾರೆ. ಜಂಬೂ ಸವಾರಿ ದಿನ ಜನ ಎಲ್ಲ ಮೇಲೆ ಅಂಬಾರಿ ನೋಡಿದರೆ, ಇವರು ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಆನೆ ಕಾಲು ನೋಡೋರು. 750 ಕಿಲೋ ಹೊತ್ತ ಆನೆ ಪಾದ ಹೇಗೆ ಊರುತ್ತೆ ಅಂತ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಮೇಲಿಂದು ನೀನು ನೋಡಿ ಹೇಳು, ಕೆಳಗಿಂದು ನಾನು ನೋಡ್ತೀನಿ ಅಂತ! ಅವಳಿಗೆ ಅಕ್ಷರ ಕಲಿಸಿದ್ದೂ ಹಲಸಿನ ಚೂರಲ್ಲಿ ಕೊಯ್ದ ಅ ಆ ಇ ಈ ಇಟ್ಟುಕೊಂಡೇ. ಸ್ವಲ್ಪ ದೊಡ್ಡವಳಾದ ಮೇಲೆ ಅರಮನೆಗೆ ಕರೆದುಕೊಂಡು ಹೋಗಿ ಅಂಬಾವಿಲಾಸದ ಬೀಟೆ ಬಾಗಿಲು ತೋರಿಸಿದ್ದರು. ದಂತ ಕೂರಿಸಿದ್ದು ಅದು. 1986ರಲ್ಲಿ ಕಾನೂನು ಬಿಗಿಯಾಗಿ ದಂತದ ವ್ಯಾಪಾರ ನಿಂತಾಗ ಜೊತೆಯವರೆಲ್ಲ ತಲೆ ಮೇಲೆ ಕೈ ಹೊತ್ತರು. ಇವರು ಮಾತ್ರ ಒಳ್ಳೇದಾಯ್ತು, ಆನೆ ಬದುಕಲಿ, ಬಿಳಿ ಮರ ಹುಡುಕಿದರೆ ಸಿಗುತ್ತೆ ಅಂದರು.

ಇಷ್ಟೆಲ್ಲ ಮಾಡಿ ಏನು ಬಂತು ಹೇಳು. ಒಂದು ಅಂಗಡಿಯವರಿಗೆ ವರ್ಷಗಟ್ಟಲೆ ಮಾಲು ಕೊಟ್ಟರು. ಪಟದ ಹಿಂಭಾಗದಲ್ಲಿ ಪೆನ್ಸಿಲಲ್ಲಿ ಇವರು ಬರೆದ ಹೆಸರಿನ ಮೇಲೇ ಅಂಗಡಿ ಚೀಟಿ ಅಂಟಿಸೋರು. ಬೇರೆ ಜಾಗ ಇರಲಿಲ್ವಾ? ದುಡ್ಡು ಕೇಳೋಕೆ ಹೋದರೆ ನಾಳೆ ಬಾ. ಮೈಸೂರು ಇನ್‌ಲೇಗೆ ಜಿಐ ಟ್ಯಾಗ್, ಅದೇ ಈ ಊರಿನ ಕಸುಬು ಅನ್ನೋ ಸರ್ಕಾರಿ ಗುರುತು, ಬಂತು ಅಂತ ಪೇಪರಲ್ಲಿ ಓದಿ ಖುಷಿಪಟ್ಟರು, ಪಾಪ. ಅದರಿಂದ ಊರಿಗೆ ಹೆಸರು ಬಂತು, ಕೂತು ಕೊಯ್ದವರ ಹೆಸರು ಯಾರಿಗೆ ಬೇಕು? ಈಗ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಲೇಸರ್ ಹೊಡೆದು ಅದನ್ನೇ ಇನ್‌ಲೇ ಅಂತ ಮಾರುತ್ತಾರೆ. ಇನ್ನು ನಮ್ಮ ಗ್ರೂಪಲ್ಲೇ ಮೊನ್ನೆ ಯಾರೋ, ತಿಥಿಗೆ "ಕಲಾರತ್ನ" ಅಂತ ಫ್ಲೆಕ್ಸ್ ಹಾಕಿಸೋಣ ಅಂದಿರಿ. ಬದುಕಿದ್ದಾಗ ಒಂದು ಸ್ಟೂಲು ಮಾಡಿಸಿಕೊಳ್ಳೋಕೂ ಚೌಕಾಸಿ ಮಾಡಿದವರು! ಯಾರು ಅಂತ ನಾನು ಹೇಳಲ್ಲ.

ಅಯ್ಯೋ, ಪುಟ್ಟಿ ಕೇಳಿದ್ದನ್ನೇ ಬಿಟ್ಟೆ. ಬಿಳಿ ಪೊರೆ ಅಂದರೆ ತೇವ ಕಣಮ್ಮ. ಬಚ್ಚಲುಮನೆ ಗೋಡೆಗೆ ನೇತು ಹಾಕಿದ್ದೀಯಲ್ಲ, ಮೊದಲು ಅಲ್ಲಿಂದ ಇಳಿಸು. ಬಿಸಿಲಿಗೆ ಮಾತ್ರ ಇಡಬೇಡ, ಬೀಟೆ ಬಿರುಕು ಬಿಡುತ್ತೆ. ಗಾಳಿ ಆಡುವ ಕಡೆ ನೆರಳಲ್ಲಿಡು. ಹಳೆ ಮಲ್ ಪಂಚೆ ತುಂಡಲ್ಲಿ ಮೆತ್ತಗೆ ಒರೆಸು, ಒಣ ಬಟ್ಟೆ, ನೀರು ಸೋಕಿಸಬೇಡ. ಎದ್ದಿರುವ ಚಕ್ಕೆ ಹತ್ತಿರ ಬಟ್ಟೆ ಒಯ್ಯಬೇಡ, ಎಳೆ ಸಿಕ್ಕಿಕೊಂಡು ಕಿತ್ತು ಬರುತ್ತೆ. ಬಿದ್ದೇಬಿಟ್ಟರೆ ಕವರಲ್ಲಿ ಹಾಕಿ ಪಟದ ಹಿಂದೆ ಅಂಟಿಸಿಡು. ಫೆವಿಕ್ವಿಕ್ ಹಾಕೋಕೆ ಹೋಗಬೇಡ, ಆಮೇಲೆ ಸರಿಮಾಡೋಕೆ ಬರಲ್ಲ. ಮಂಡಿ ಮೊಹಲ್ಲಾದಲ್ಲಿ ದೊಡ್ಡಪ್ಪನ ಜೊತೆ ಕೂತು ಕೆಲಸ ಮಾಡಿದ ಭಾಯಿ ಇದ್ದಾರೆ, ಭಾನುವಾರ ಕರೆದುಕೊಂಡು ಬರ್ತೀನಿ. ಚಕ್ಕೆ ಕೂರಿಸಿ, ಅರಗಿನ ಪಾಲಿಶ್ ಕೈಯಲ್ಲೇ ಎಳೆದು ಕೊಡುತ್ತಾರೆ. ಎಷ್ಟು ಕೇಳುತ್ತಾರೋ ಅಷ್ಟು ಕೊಡು, ಚೌಕಾಸಿ ಮಾಡಬೇಡ. ಅಷ್ಟರೊಳಗೆ ಹಗಲು ಬೆಳಕಲ್ಲಿ ಹಿಂದೆ ಮುಂದೆ ಎರಡೂ ಫೋಟೋ ತೆಗೆದು ಹಾಕು. ತಿಥಿ ಅಡುಗೆಯವರಿಗೆ ಯಾರಾದರೂ ಫೋನ್ ಮಾಡಿದ್ರಾ?